ಶಾಟ್ ಯಾಕೆ ಅಷ್ಟು ಹೊತ್ತು ನಿಲ್ಲುತ್ತದೆ?

ದೂರದರ್ಶನ ಒಂದೇ ಇದ್ದ ಕಾಲ. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಸಿನಿಮಾ ಬರುತ್ತಿತ್ತು. ಬದಿಯಡ್ಕ ಕಡೆಯ ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಊಟ ಮುಗಿಸಿ ನೆರೆಮನೆಯ ಚಾವಡಿಯಲ್ಲಿ ಹೋಗಿ ಕೂರುತ್ತಿದ್ದೆವು. ಒಮ್ಮೆ ಬಂಗಾಳಿ, ಒಮ್ಮೆ ಒರಿಯಾ, ಅದೃಷ್ಟ ಇದ್ದರೆ ಕನ್ನಡವೋ ಮಲಯಾಳವೋ. ಪರದೆಯ ಮೇಲೆ ಒಬ್ಬಳು ಹೆಂಗಸು ಬಾಗಿಲ ಬಳಿ ನಿಂತಿದ್ದಾಳೆ. ನಿಂತೇ ಇದ್ದಾಳೆ. ಮಾತಿಲ್ಲ, ಸಂಗೀತ ಇಲ್ಲ. ಅಜ್ಜಿ ಕೇಳಿಯೇ ಬಿಡುತ್ತಿದ್ದರು: "ಎಂತ ಮಾರಾಯ, ಟಿವಿ ಹಾಳಾಯ್ತಾ? ಒಂದು ಪೆಟ್ಟು ಕೊಟ್ಟು ನೋಡು."

ಇಂಥ ಸಿನಿಮಾಗಳಿಗೆ ನಮ್ಮ ಕಾಸರಗೋಡಿನಲ್ಲಿ ಎರಡು ಭಾಷೆಯಲ್ಲೂ ಒಂದೇ ಹೆಸರು. ಕನ್ನಡದಲ್ಲಿ 'ಅವಾರ್ಡ್ ಸಿನಿಮಾ', ಮಲಯಾಳದಲ್ಲಿ 'ಅವಾರ್ಡ್ ಪಡಂ'. ಎರಡರಲ್ಲೂ ಸಣ್ಣ ತಮಾಷೆ ಇದೆ. ಆಚೆ ಗಿರೀಶ್ ಕಾಸರವಳ್ಳಿ, ಈಚೆ ಅಡೂರು ಗೋಪಾಲಕೃಷ್ಣನ್. (ನಮ್ಮ ಮುಳ್ಳೇರಿಯ ಆಚೆಗಿನ ಅಡೂರು ಅಲ್ಲ, ತೆಂಕಣ ಕೇರಳದ ಅಡೂರು.) ಇಬ್ಬರ ಸಿನಿಮಾಗಳನ್ನೂ ಸಬ್‌ಟೈಟಲ್ ಇಲ್ಲದೆ ನೋಡಬಲ್ಲ ಜನ ನಾವು. ಆದರೂ ಇಂಥ ನಿರ್ದೇಶಕರು ತಮ್ಮ ಕೆಲಸದ ಬಗ್ಗೆ ಮಾತಾಡಿದರೆ ನಮಗೆ ಅರ್ಧ ಅರ್ಥವಾಗುವುದಿಲ್ಲ. "ಅಲ್ಲಿ ನಾನು ಕಟ್ ಮಾಡಲಿಲ್ಲ", "ಅದನ್ನು ಫ್ರೇಮಿನ ಹೊರಗೆ ಇಟ್ಟೆ", "ಶಬ್ದವನ್ನು ಮೊದಲೇ ಬರೆದುಕೊಂಡಿದ್ದೆ", "ಮುಂದಿನ ಸಿನಿಮಾಕ್ಕೆ ಐದು ವರ್ಷ ಹಿಡಿಯಿತು". ಸುಮ್ನೆ ಹೇಳಿದ ಹಾಗೆ ಕೇಳಿಸುವ ಈ ಮಾತುಗಳಲ್ಲೇ ಅವರ ಕಸುಬು ಪೂರ್ತಿ ಇದೆ. ನನ್ನ ಲೆಕ್ಕದಲ್ಲಿ ಇದೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಎಷ್ಟು ಹೊತ್ತು?

ಶಾಟ್‌ನಿಂದಲೇ ಶುರು ಮಾಡೋಣ. ಕ್ಯಾಮೆರಾ ಚಾಲೂ ಆಗಿ ನಿಲ್ಲುವವರೆಗಿನ ಒಂದು ತುಂಡು ಶಾಟ್. ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹಾರುವುದು ಕಟ್. ಪ್ರತಿ ಕಟ್ ಎಂದರೆ ನಿರ್ದೇಶಕರು ನಮ್ಮ ಗಲ್ಲ ಹಿಡಿದು ಮುಖ ತಿರುಗಿಸಿದ ಹಾಗೆ. ಅದನ್ನು ನೋಡಿ ಆಯ್ತು, ಈಗ ಇದನ್ನು ನೋಡು.

ಒಬ್ಬ ಮುದುಕ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಕೆದಕುತ್ತಿದ್ದಾನೆ ಎಂದುಕೊಳ್ಳಿ. ಐದು ಸೆಕೆಂಡು ತೋರಿಸಿದರೆ ನಮಗೆ ಸಿಗುವುದು ಒಂದು ಸುದ್ದಿ: ಇದು ತೋಟದವರ ಮನೆ. ಹದಿನೈದು ಸೆಕೆಂಡು ನಿಂತರೆ, ಆತ ಬಗ್ಗುವಾಗ ಮಂಡಿಗೆ ಕೈ ಕೊಡುವುದು ಕಾಣುತ್ತದೆ. ನಲವತ್ತು ಸೆಕೆಂಡು ಆದರೆ? ಅಂಗಳದ ಮುಕ್ಕಾಲು ಪಾಲು ಖಾಲಿ ಇದೆ. ಮೋಡದ ನೆರಳು ಹಾದುಹೋಗುತ್ತದೆ. ಆತ ಒಮ್ಮೆ ಮೇಲೆ ನೋಡಿ, ಆಮೇಲೆ ಮನೆಯ ಬಾಗಿಲ ಕಡೆ ನೋಡುತ್ತಾನೆ. ಯಾರೂ ಹೊರಗೆ ಬರುವುದಿಲ್ಲ. ಒಂದು ಮಾತೂ ಇಲ್ಲದೆ ಆ ಮನೆಯ ಕಥೆ ಗೊತ್ತಾಯಿತು. ಅದನ್ನು ಯಾರೂ ನಮಗೆ ಹೇಳಲಿಲ್ಲ, ನಾವೇ ಕಂಡುಕೊಂಡೆವು. "ಕಟ್ ಮಾಡಲಿಲ್ಲ" ಎಂದು ನಿರ್ದೇಶಕರು ಹೇಳುವಾಗ ಈ ಕೆಲಸವನ್ನು ನಮ್ಮ ಕಣ್ಣಿಗೆ ಬಿಟ್ಟೆ ಎಂದೇ ಅರ್ಥ.

ನಮ್ಮ ಗುಡ್ಡದ ಸುರಂಗಗಳ ಹಾಗೆ. ಮುರಕಲ್ಲನ್ನು ಅಡ್ಡಕ್ಕೆ ಕೊರೆದುಕೊಂಡು ಹೋಗಿ ನೀರಿನ ಒಸರು ಹಿಡಿಯುತ್ತಾರೆ. ಪಂಪು ಬೇಡ, ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತದೆ. ಬೇಗ ಬಾ ಅಂದರೆ ಬರುವುದಿಲ್ಲ.

ಹಾಗಂತ ಉದ್ದ ಶಾಟ್ ಎಲ್ಲವೂ ಒಳ್ಳೆಯದು ಅಂತ ತಿಳಿಯಬೇಡಿ. ಫಿಲ್ಮ್ ಫೆಸ್ಟಿವಲ್‌ಗಳಿಗೆ ಇದೇ ಬೇಕು ಎಂದು ಸುಮ್ಮನೆ ಎಳೆದ ಸಿನಿಮಾಗಳನ್ನೂ ಬೇಕಾದಷ್ಟು ನೋಡಿದ್ದೇನೆ. ನನ್ನ ಪರೀಕ್ಷೆ ಸುಲಭ. ಶಾಟ್ ಶುರುವಾದಾಗ ನಮಗೆ ಗೊತ್ತಿದ್ದದ್ದಕ್ಕಿಂತ ಮುಗಿಯುವಾಗ ಏನಾದರೂ ಹೆಚ್ಚು ಗೊತ್ತಾಗಿದೆಯಾ? ಇಲ್ಲ ಅಂದರೆ ಅಜ್ಜಿಯ ಪೆಟ್ಟೇ ಸರಿ.

ಉದ್ದ ಶಾಟ್ ತೆಗೆಯುವುದು ಸುಲಭ, ಕ್ಯಾಮೆರಾ ಇಟ್ಟು ಚಹಾ ಕುಡಿದು ಬಂದರೆ ಆಯ್ತು ಎಂದು ನಗುವವರಿದ್ದಾರೆ. ಫಿಲ್ಮ್ ರೀಲಿನ ಲೆಕ್ಕ ನೋಡಿದರೆ ಆ ನಗು ನಿಲ್ಲುತ್ತದೆ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಚಿತ್ರ. ಸೆಕೆಂಡಿಗೆ 24 ಚಿತ್ರ ಓಡಬೇಕು. ಅಂದರೆ ನಿಮಿಷಕ್ಕೆ 90 ಅಡಿ. 1000 ಅಡಿಯ ಒಂದು ಸುರುಳಿ ಹನ್ನೊಂದು ನಿಮಿಷದಲ್ಲಿ ಖಾಲಿ. ಎರಡು ಗಂಟೆಯ ಸಿನಿಮಾ ತೆರೆಯ ಮೇಲೆ ಬರುವಾಗಲೇ 10,800 ಅಡಿ. ಪ್ರತಿ ಶಾಟ್ ನಾಲ್ಕು ಸಲ ತೆಗೆದರೆ 43,200 ಅಡಿ ಕೊಳ್ಳಬೇಕು, ಅಷ್ಟನ್ನೂ ಲ್ಯಾಬಿನಲ್ಲಿ ತೊಳೆಸಬೇಕು. ಮೂರು ನಿಮಿಷದ ಶಾಟ್‌ನ ಕೊನೆಯಲ್ಲಿ ನಟ ಒಂದು ಮಾತು ತಪ್ಪಿದರೆ 270 ಅಡಿ ದಂಡ. ಹಾಗಾಗಿ ಕಡಿಮೆ ದುಡ್ಡಿನ ನಿರ್ದೇಶಕರು ಕ್ಯಾಮೆರಾ ಒತ್ತುವ ಮೊದಲು ದಿನಗಟ್ಟಲೆ ತಾಲೀಮು ಮಾಡಿಸುತ್ತಿದ್ದರು.

ಇನ್ನೊಂದು ಅಪಾಯವೂ ಇದೆ. ದೊಡ್ಡ ಸಿನಿಮಾಗಳಲ್ಲಿ ಇಬ್ಬರು ಮಾತಾಡುವ ದೃಶ್ಯವನ್ನು ದೂರದಿಂದ ಒಮ್ಮೆ, ಇವನ ಹೆಗಲ ಮೇಲಿಂದ ಒಮ್ಮೆ, ಅವಳ ಮುಖ ಹತ್ತಿರದಿಂದ ಒಮ್ಮೆ ಹೀಗೆ ತೆಗೆದಿಟ್ಟುಕೊಳ್ಳುತ್ತಾರೆ. ಯಾವುದು ಬೇಕು ಅಂತ ಸಂಕಲನದ ಮೇಜಿನ ಮುಂದೆ ಕೂತು ನೋಡಿದರಾಯಿತು. ಒಂದೇ ಉದ್ದ ಶಾಟ್‌ನಲ್ಲಿ ದೃಶ್ಯ ಮುಗಿಸಿದವರಿಗೆ ಆಮೇಲೆ ತಿದ್ದಲು ಏನೂ ಉಳಿದಿರುವುದಿಲ್ಲ. ಈಗ ಡಿಜಿಟಲ್ ಬಂದು ರೀಲಿನ ಖರ್ಚು ಹೋಯಿತು, ಆದರೆ ಈ ಅಪಾಯ ಹಾಗೆಯೇ ಇದೆ.

ಮುಂದಿನದು, ಕ್ಯಾಮೆರಾ ಎಲ್ಲಿ ನಿಲ್ಲಬೇಕು? ಕಾಸರವಳ್ಳಿಯವರ ಮೊದಲ ಸಿನಿಮಾ 'ಘಟಶ್ರಾದ್ಧ' 1977ರದ್ದು. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣ. ಗರ್ಭಿಣಿಯಾದ ವಿಧವೆಯನ್ನು ಅಗ್ರಹಾರ ಹೊರಗೆ ಹಾಕುವ ಕಥೆ. ದೊಡ್ಡವರ ಕಣ್ಣಿನಿಂದ ಹೇಳಿದ್ದರೆ ವಾದ, ಕಣ್ಣೀರು, ಭಾಷಣ ಎಲ್ಲ ಬರುತ್ತಿತ್ತು. ಅಲ್ಲಿ ನೋಡುವವನು ನಾಣಿ ಎಂಬ ಸಣ್ಣ ಹುಡುಗ. ಅವನಿಗೆ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ನಮಗೂ ಅವನಿಗೆ ಕಂಡಷ್ಟೇ ಕಾಣುತ್ತದೆ. ಯಾರ ಕಣ್ಣು ಎಂದು ನಿರ್ಧರಿಸಿದ ಕೂಡಲೇ ಅರ್ಧ ಚಿತ್ರಕಥೆ ತಾನಾಗಿ ಬರೆದು ಹೋಗುತ್ತದೆ. ಎಲ್ಲಿ ಬಾಗಿಲು ಮುಚ್ಚುತ್ತದೆ, ಯಾವ ಮಾತು ಗೋಡೆಯ ಆಚೆಯಿಂದ ಮಾತ್ರ ಕೇಳುತ್ತದೆ, ಎಲ್ಲ.

ಇನ್ನು 'ಫ್ರೇಮಿನ ಹೊರಗೆ', ಅಂದರೆ ಪರದೆಯಲ್ಲಿ ಕಾಣುವ ಚೌಕಟ್ಟಿನ ಆಚೆ. ಇದನ್ನು ಬೇರೆ ಊರಿನವರಿಗೆ ವಿವರಿಸಲು ಕಷ್ಟ ಇರಬಹುದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಕಷ್ಟವೇ ಇಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಕ್ಕಸನ ವೇಷ, ರಂಗಕ್ಕೆ ಬರುವುದು ನೆನಪು ಮಾಡಿಕೊಳ್ಳಿ. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಚೆಂಡೆ ಏರುತ್ತದೆ. ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಮಾಯವಾಗುತ್ತದೆ. ಆರ್ಭಟೆ ಕೇಳುತ್ತದೆ. ದೊಂದಿಗೆ ರಾಳ ಎರಚಿದಾಗ ಭಗ್ ಎಂದು ಬೆಳಕು. ರಕ್ಕಸ ಇನ್ನೂ ಪೂರ್ತಿ ಕಂಡಿಲ್ಲ, ಮಕ್ಕಳು ಆಗಲೇ ತಾಯಿಯ ಸೆರಗಿನಲ್ಲಿ. ಕಂಡ ಮೇಲೆ ಅಷ್ಟು ಹೆದರಿಕೆ ಇರುವುದಿಲ್ಲ, ಅಲ್ವಾ? ರಾತ್ರಿ ಇಡೀ ಹೀಗೆ ಕೂರುವ ನಾವು ಸಿನಿಮಾದ ಎರಡು ನಿಮಿಷದ ಶಾಟ್‌ಗೆ ಆಕಳಿಸುವುದು ಒಂದು ತಮಾಷೆಯೇ. ಕಾಲಮಿತಿ ಆಟ ಬಂದ ಮೇಲೆ ಆ ತಾಳ್ಮೆಯೂ ಕಡಿಮೆಯಾಯಿತೇನೋ.

ಇದೇ ವಿದ್ಯೆಯನ್ನು ಒಂದಿಡೀ ಪಾತ್ರಕ್ಕೆ ಹೂಡಿದವರು ಅಡೂರು. ಬಷೀರರ ಕಥೆಯಿಂದ ಮಾಡಿದ 'ಮತಿಲುಗಳ್' ಸಿನಿಮಾದಲ್ಲಿ ಜೈಲಿನ ಗಂಡಸರ ಕಡೆಯಲ್ಲಿ ಮಮ್ಮುಟ್ಟಿ. ಗೋಡೆಯ ಆಚೆ, ಹೆಂಗಸರ ಜೈಲಿನಲ್ಲಿ ನಾರಾಯಣಿ. ಇಬ್ಬರೂ ಗೋಡೆ ನಡುವೆ ಇಟ್ಟುಕೊಂಡು ಮಾತಾಡುತ್ತಾರೆ, ಪ್ರೀತಿಸುತ್ತಾರೆ. ನಾರಾಯಣಿ ಒಮ್ಮೆಯೂ ಪರದೆಯ ಮೇಲೆ ಬರುವುದಿಲ್ಲ. ಕೆಪಿಎಸಿ ಲಲಿತಾ ಅವರ ದನಿ ಮಾತ್ರ. ನೋಡಿದ ಪ್ರತಿಯೊಬ್ಬರ ತಲೆಯಲ್ಲೂ ಒಬ್ಬೊಬ್ಬ ನಾರಾಯಣಿ ಇದ್ದಾಳೆ.

ಅಲ್ಲಿಂದ ಶಬ್ದದ ವಿಷಯಕ್ಕೆ ಬಂದ ಹಾಗಾಯಿತು. ನಮ್ಮ ಸಿನಿಮಾಗಳಲ್ಲಿ ದಶಕಗಟ್ಟಲೆ ಮಾತನ್ನು ಶೂಟಿಂಗ್ ಜಾಗದಲ್ಲಿ ರೆಕಾರ್ಡ್ ಮಾಡುತ್ತಲೇ ಇರಲಿಲ್ಲ. ಇಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಕ್ಯಾಮೆರಾಗಳೇ ಕರಕರ ಸದ್ದು ಮಾಡುತ್ತಿದ್ದವು. ಆಮೇಲೆ ಡಬ್ಬಿಂಗ್ ಥಿಯೇಟರಿನಲ್ಲಿ ನಿಂತು ತುಟಿ ನೋಡಿಕೊಂಡು ಮಾತು ಸೇರಿಸುವುದು. ಮಾತಿನ ಜತೆಗೆ ಕಾಲ ಸಪ್ಪಳ, ಬಾಗಿಲಿನ ಕಿರ್, ಕಾಗೆ, ಮಳೆ ಎಲ್ಲವನ್ನೂ ಹೊಸದಾಗಿ ಹಾಕಬೇಕು. ಹಾಕದಿದ್ದರೆ ಆ ಜಾಗ ಸತ್ತ ಹಾಗೆ ಇರುತ್ತದೆ. ಜನಪ್ರಿಯ ಸಿನಿಮಾದಲ್ಲಿ ಆ ಖಾಲಿಯನ್ನು ಹಿನ್ನೆಲೆ ಸಂಗೀತ ಮುಚ್ಚಿಬಿಡುತ್ತದೆ. ಸಂಗೀತವನ್ನು ಕಡಿಮೆ ಮಾಡಿದ ನಿರ್ದೇಶಕರು ಪ್ರತಿ ಸದ್ದನ್ನೂ ಆರಿಸಿ ಇಡಬೇಕು. ಶಬ್ದವನ್ನು ಮೊದಲೇ ಬರೆದುಕೊಳ್ಳುವುದು ಇದಕ್ಕೇ. ಕಾಸರವಳ್ಳಿಯವರ 'ಮನೆ' ಸಿನಿಮಾದಲ್ಲಿ ಗಂಡ ಹೆಂಡತಿ ನಗರದಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಪಕ್ಕದ ಶೆಡ್ಡಿನಿಂದ ಬರುವ ಸದ್ದು ಅವರ ಸಂಸಾರವನ್ನೇ ಕೊರೆಯುತ್ತದೆ. ಅಲ್ಲಿ ಆ ಸದ್ದೂ ಒಂದು ಪಾತ್ರವೇ.

ಈಗ ಜಾಗದಲ್ಲೇ ಮಾತು ಹಿಡಿಯುವ ಸಿಂಕ್ ಸೌಂಡ್ ರೂಢಿಗೆ ಬಂದಿದೆ. ನಮ್ಮ ಕಡೆ ಅದನ್ನು ಮಾಡುವುದು ಅಂದರೆ ಒಂದು ದೊಡ್ಡ ಸಾಹಸ. ಕೆಳಗಿನ ತೋಟದಲ್ಲಿ ಪಂಪು ಓಡುತ್ತಿರುತ್ತದೆ. ಸ್ವಲ್ಪ ಬಂದ್ ಮಾಡಿ ಎಂದು ಹೇಳಿ ಬರಲು ಒಬ್ಬರನ್ನು ಓಡಿಸಬೇಕು. ಅಷ್ಟರಲ್ಲಿ ಬಾಂಗ್ ಕೂಗುತ್ತದೆ, ಆಮೇಲೆ ಗೇರುತೋಟದ ಆಚೆ ಬಸ್ಸಿನ ಹಾರ್ನ್. ಆದರೆ ಸಿಂಕ್ ಸೌಂಡ್ ಇಲ್ಲದೆ ಈ ಊರನ್ನು ಸರಿಯಾಗಿ ತೋರಿಸುವುದೂ ಕಷ್ಟ. ಇಲ್ಲಿ ಅಂಗಡಿಯಲ್ಲಿ ಮಲಯಾಳ, ಗದ್ದೆಯಲ್ಲಿ ತುಳು, ಮನೆಯೊಳಗೆ ಹವ್ಯಕ ಕನ್ನಡವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ. ಒಂದೇ ವಾಕ್ಯದಲ್ಲಿ ಮೂರು ಭಾಷೆ ದಾಟುವವರಿದ್ದಾರೆ. ಡಬ್ಬಿಂಗ್‌ನಲ್ಲಿ ಇದೆಲ್ಲ ಇಸ್ತ್ರಿ ಹಾಕಿದ ಹಾಗೆ ಸಪಾಟಾಗಿಬಿಡುತ್ತದೆ.

1993ರ 'ವಿಧೇಯನ್' ನೋಡಿ. ಸಕರಿಯಾ ಅವರ ಕಥೆ, ಅಡೂರು ನಿರ್ದೇಶನ. ಕಥೆ ನಡೆಯುವುದು ದಕ್ಷಿಣ ಕನ್ನಡದ ಹಳ್ಳಿಯಲ್ಲಿ. ಕೇರಳದಿಂದ ಗುಳೆ ಬಂದ ತೊಮ್ಮಿ, ಅವನನ್ನು ಕಾಲಕೆಳಗೆ ಇಟ್ಟುಕೊಂಡ ಪಟೇಲ. ಪಟೇಲನಾಗಿ ಮಮ್ಮುಟ್ಟಿ ಆಡುವುದು ಕನ್ನಡ ಬೆರೆತ ಮಲಯಾಳ. ತಿರುವನಂತಪುರದ ಪ್ರೇಕ್ಷಕರಿಗೆ ಅದು ಒಂದು ವಿಚಿತ್ರ ಧಾಟಿ ಅನಿಸಿರಬಹುದು. ನಮಗೆ ಹಾಗಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೇ ಯಾರ ನೆಲ, ಯಾರು ಹೊರಗಿನವನು, ಯಾರು ಯಾರಿಗೆ ಹೆದರಬೇಕು ಎಂಬುದೆಲ್ಲ ಗೊತ್ತಾಗುತ್ತದೆ.

ಭಾಷೆಯಿಂದ ದುಡ್ಡಿಗೆ ದಾರಿ ಹತ್ತಿರ. ನಿರ್ದೇಶಕರ ಮಾತುಕತೆಯಲ್ಲಿ ಜನ ಬೇಗ ದಾಟಿಸುವ ಭಾಗ ಇದು. ನನಗಂತೂ ಇದೇ ಮುಖ್ಯ ಅನಿಸುತ್ತದೆ.

ಹಾಡು, ಫೈಟು, ಸ್ಟಾರು ಇಲ್ಲದ ಸಿನಿಮಾಕ್ಕೆ ವಿತರಕರು ಮುಂಗಡ ಕೊಡುವುದಿಲ್ಲ. ಹಾಗಾದರೆ ಯಾರು ಕೊಡುತ್ತಾರೆ? ಸತ್ಯಜಿತ್ ರಾಯ್ ಅವರ ಮೊದಲ ಸಿನಿಮಾ 'ಪಥೇರ್ ಪಾಂಚಾಲಿ' (ದಾರಿಯ ಹಾಡು) 1955ರಲ್ಲಿ ಬಂತು. ಶೂಟಿಂಗ್ ನಡುವೆ ದುಡ್ಡು ಮುಗಿದು ನಿಂತಿತ್ತು. ಪಶ್ಚಿಮ ಬಂಗಾಳ ಸರ್ಕಾರ ಕೊನೆಗೆ ಹಣ ಕೊಟ್ಟಿತು, ಅದೂ ರಸ್ತೆ ಅಭಿವೃದ್ಧಿಯ ಲೆಕ್ಕದಲ್ಲಿ. ಸಿನಿಮಾದ ಹೆಸರಿನಲ್ಲಿ 'ದಾರಿ' ಇದ್ದದ್ದು ಪುಣ್ಯ. 1960ರಲ್ಲಿ ಕೇಂದ್ರ ಸರ್ಕಾರ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಮಾಡಿತು. ಅದು ಸಾಲ ಕೊಡುತ್ತಿತ್ತು. ಮುಂದೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ (ಎನ್‌ಎಫ್‌ಡಿಸಿ) ಬಂತು. ರಾಜ್ಯಗಳು ಸಬ್ಸಿಡಿ ಶುರು ಮಾಡಿದವು. ಆದರೆ ಸಬ್ಸಿಡಿಯಲ್ಲಿ ಒಂದು ತೊಡಕು ಇದೆ. ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿ ಆರಿಸಿದ ಮೇಲೆ ಕೈಗೆ ಬರುವ ದುಡ್ಡು ಅದು. ಅಲ್ಲಿಯವರೆಗೆ ಸಾಲ, ಹೆಂಡತಿಯ ಚಿನ್ನ, ಗೆಳೆಯರು. ಬಿತ್ತುವಾಗ ಬೇಕಾದದ್ದು ಕೊಯ್ಲು ಮುಗಿದ ಮೇಲೆ ಸಿಗುತ್ತದೆ.

ಅವಾರ್ಡ್ ಬೇಕಾಗುವುದು ಇಲ್ಲೇ. ನಾವು ತಮಾಷೆ ಮಾಡುವ ಆ ಅವಾರ್ಡ್ ನಿರ್ದೇಶಕರಿಗೆ ಗೋಡೆಗೆ ತೂಗುಹಾಕುವ ಅಲಂಕಾರ ಮಾತ್ರ ಆಗಿರಲಿಲ್ಲ. ರಾಷ್ಟ್ರ ಪ್ರಶಸ್ತಿ ಬಂದರೆ ದೂರದರ್ಶನ ಭಾನುವಾರ ಹಾಕುತ್ತಿತ್ತು, ಅದಕ್ಕೆ ಹಣ ಕೊಡುತ್ತಿತ್ತು. ನಮ್ಮ ದೇಶದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಭಾರತೀಯ ಸಿನಿಮಾಗಳಿಗೆಂದೇ 1978ರಲ್ಲಿ ಶುರುವಾದ ಇಂಡಿಯನ್ ಪನೋರಮಾ ವಿಭಾಗಕ್ಕೆ ಆಯ್ಕೆಯಾದರೆ ಹೊರದೇಶದ ಫೆಸ್ಟಿವಲ್‌ನವರ ಕಣ್ಣಿಗೆ ಬೀಳುತ್ತಿತ್ತು. ಆ ಹೆಸರು ಹಿಡಿದುಕೊಂಡು ಮುಂದಿನ ನಿರ್ಮಾಪಕರ ಬಾಗಿಲು ತಟ್ಟುವುದು. ಸಣ್ಣ ಭಾಷೆಗಳಿಗೆ ಇದು ಇನ್ನೂ ಜಾಸ್ತಿ ಮುಖ್ಯ. ಕೊಂಕಣಿ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿದೆ, ತುಳು ಮತ್ತು ಬ್ಯಾರಿ ಇಲ್ಲ. ಹಾಗಿದ್ದೂ ಮಲಯಾಳಿ ನಿರ್ದೇಶಕ ಸುವೀರನ್ ಮಾಡಿದ 'ಬ್ಯಾರಿ' 2011ರ ಅತ್ಯುತ್ತಮ ಚಿತ್ರವೆಂದು ಸ್ವರ್ಣ ಕಮಲ ಪಡೆಯಿತು, ಒಂದು ಮರಾಠಿ ಸಿನಿಮಾದ ಜತೆ ಹಂಚಿಕೊಂಡು. ಬ್ಯಾರಿ ಭಾಷೆಯ ಮೊದಲ ಸಿನಿಮಾವೇ ಅದು! ಉಪ್ಪಳದ ಚಹಾದಂಗಡಿಯಲ್ಲಿ ಕೇಳುವ ಮಾತು ದೆಹಲಿಯವರ ಕಿವಿಗೂ ಬಿತ್ತು.

ಸರ್ಕಾರವೂ ಬೇಡ, ನಿರ್ಮಾಪಕರೂ ಬೇಡ ಎಂದವರು ಜಾನ್ ಅಬ್ರಹಾಂ. ಹಿಂದಿಯ ಹೀರೋ ಅಲ್ಲ, ಗಡ್ಡದ ಮಲಯಾಳಿ. ಗೆಳೆಯರ ಜತೆ ಒಡೇಸಾ ಎಂಬ ಬಳಗ ಕಟ್ಟಿಕೊಂಡು ಊರೂರು ಸುತ್ತಿದರು. ಪ್ರೊಜೆಕ್ಟರ್ ಹಿಡಿದುಕೊಂಡು ಹೋಗಿ ಚಾಪ್ಲಿನ್ ಸಿನಿಮಾ ತೋರಿಸುವುದು, ಜನ ಕೊಟ್ಟಷ್ಟು ಕೂಡಿಸುವುದು. ಹಾಗೆ ಕೂಡಿಸಿದ ಹಣದಲ್ಲಿ 1986ರಲ್ಲಿ 'ಅಮ್ಮ ಅರಿಯಾನ್' ಮಾಡಿದರು. ಮರುವರ್ಷವೇ ತೀರಿಕೊಂಡರು. ಆ ದಾರಿಯಲ್ಲಿ ಆಮೇಲೆ ಅಷ್ಟು ದೂರ ಹೋದವರು ಕಡಿಮೆ.

ಈ ಕಸುಬಿಗೆ ಬಂದವರ ಹಿಂದಿನ ಕೆಲಸ ನೋಡಿದರೆ ಬೇರೊಂದು ವಿಷಯ ತಿಳಿಯುತ್ತದೆ. ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿದವರು, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಅಡೂರು ಸರ್ಕಾರಿ ಕೆಲಸ ಬಿಟ್ಟು 1962ರಲ್ಲಿ ಅಲ್ಲಿಗೇ ಹೋದರು. ಜಿ. ಅರವಿಂದನ್ ರಬ್ಬರ್ ಬೋರ್ಡ್ ನೌಕರ, ಜತೆಗೆ ವ್ಯಂಗ್ಯಚಿತ್ರಕಾರ. ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ನಮ್ಮ ಊರುಗಳ ಬಗ್ಗೆ 2015ರಲ್ಲಿ ಸಿನಿಮಾ ಮಾಡಿದ ಡಾ. ಬಿಜು ಹೋಮಿಯೋಪಥಿ ವೈದ್ಯರು. ಕೈಯಲ್ಲಿ ಇನ್ನೊಂದು ಕಸುಬು ಇದ್ದವರಿಗೆ ಇಷ್ಟವಿಲ್ಲದ ಸಿನಿಮಾಕ್ಕೆ ಬೇಡ ಎನ್ನುವ ಧೈರ್ಯ ಸ್ವಲ್ಪ ಜಾಸ್ತಿ ಇರುತ್ತದೋ ಏನೋ.

ಬೇಡ ಎನ್ನುವುದಕ್ಕೆ ಬೆಲೆಯೂ ಇದೆ. ಅಡೂರು ಅವರ ಮೊದಲ ಸಿನಿಮಾ 1972ರಲ್ಲಿ, ಎರಡನೆಯದು 1977ರಲ್ಲಿ. 2016ರವರೆಗಿನ 44 ವರ್ಷದಲ್ಲಿ ಒಟ್ಟು 12 ಕಥಾಚಿತ್ರ. ಲೆಕ್ಕ ಹಾಕಿದರೆ ಮೂರೂವರೆ ವರ್ಷಕ್ಕಿಂತ ಹೆಚ್ಚು ಕಾಲಕ್ಕೆ ಒಂದು. ನಡುವಿನ ವರ್ಷಗಳಲ್ಲಿ ಇವರೆಲ್ಲ ಸುಮ್ಮನೆ ಕೂತಿರುವುದಿಲ್ಲ. ಕಾಸರವಳ್ಳಿ ಆ ಹೊತ್ತಿನಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಒಂದು ಅಡೂರು ಅವರ ಬಗ್ಗೆಯೇ. ಒಬ್ಬ ಕಸುಬುದಾರ ಇನ್ನೊಬ್ಬನ ಕೈಕೆಲಸ ನೋಡುವುದು ಬೇರೆ ರೀತಿ. ಗಡಿಯಲ್ಲಿರುವ ನಮಗೆ ಅದು ಇನ್ನೂ ಖುಷಿ.

ಬರೆಯುವ ಕೆಲಸವೂ ಈ ಖಾಲಿ ವರ್ಷಗಳಲ್ಲೇ. ವೈದೇಹಿಯವರ ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಕಾಸರವಳ್ಳಿ 2008ರಲ್ಲಿ 'ಗುಲಾಬಿ ಟಾಕೀಸು' ಮಾಡುವಾಗ ಟಾಕೀಸಿನ ಜಾಗಕ್ಕೆ ಬಣ್ಣದ ಟಿವಿ, ಡಿಶ್ ಆಂಟೆನಾ ತಂದರು. ಗುಲಾಬಿ ಮುಸ್ಲಿಂ ಹೆಂಗಸಾದಳು. ಕಥೆ ಕಾರ್ಗಿಲ್ ಯುದ್ಧದ ಕಾಲಕ್ಕೆ ಬಂತು. ಕಥೆ ಓದಿದವರು ಕೆಲವರು ಮೂಲ ಕೆಡಿಸಿದರು ಎನ್ನಬಹುದು. ನನಗೆ ಹಾಗೆ ಅನಿಸಲಿಲ್ಲ. ಆ ಡಿಶ್‌ನಿಂದಾಗಿ, ಒಂದು ಕೋಣೆಯಲ್ಲಿ ಸೇರಿದ ಮೀನುಗಾರ ಹೆಂಗಸರ ಗುಂಪು ಹೊರಗಿನ ದ್ವೇಷಕ್ಕೆ ಸಿಕ್ಕಿ ಹೇಗೆ ಒಡೆಯಿತು ಎನ್ನುವುದು ಕಣ್ಣಿಗೆ ಕಾಣುವ ವಸ್ತುವಾಯಿತು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಇಷ್ಟೆಲ್ಲ ಆಗಿ ಸಿನಿಮಾ ಥಿಯೇಟರಿನಲ್ಲಿ ಒಂದು ವಾರ ನಿಂತರೆ ಹೆಚ್ಚು. ಆಮೇಲೆ ಡಬ್ಬಿಯೊಳಗೆ. ಫಿಲ್ಮಿಗೆ ನಮ್ಮ ಕಡೆಯ ತೇವ, ಸೆಖೆ ಎರಡೂ ಆಗುವುದಿಲ್ಲ. ಸುರುಳಿ ಕುಗ್ಗುತ್ತದೆ, ಬಣ್ಣ ಹೋಗುತ್ತದೆ, ಹುಳಿ ವಾಸನೆ ಬರುತ್ತದೆ. ಈಚೆಗೆ ಹಳೆಯ ಸಿನಿಮಾಗಳನ್ನು ಒಂದೊಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿ, ಗೀರು ಅಳಿಸಿ, ಶಬ್ದ ತೊಳೆದು ಮತ್ತೆ ಬದುಕಿಸುವ ಕೆಲಸ ನಡೆಯುತ್ತಿದೆ. 'ಘಟಶ್ರಾದ್ಧ' ಹಾಗೆ ಬದುಕಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. 47 ವರ್ಷದ ಮೇಲೆ.

ಅರವಿಂದನ್ ಅವರ 1979ರ 'ಕುಮ್ಮಾಟ್ಟಿ'ಗೂ ಹೀಗೇ ಆಯಿತು. ಉಳಿದಿದ್ದ ಪ್ರಿಂಟನ್ನು ಆಧಾರ ಮಾಡಿಕೊಂಡು ಸರಿಪಡಿಸಿದ ಪ್ರತಿ 2021ರಲ್ಲಿ ಹೊರಬಂತು. ಮಕ್ಕಳನ್ನು ಪ್ರಾಣಿಗಳಾಗಿ ಮಾಡುವ ಮಾಂತ್ರಿಕ ಮುದುಕನ ಕಥೆ. ತೆಗೆದದ್ದು ನಮ್ಮ ಜಿಲ್ಲೆಯ ಚೀಮೇನಿಯಲ್ಲಿ. ಆಗ ಇದು ಕಣ್ಣೂರು ಜಿಲ್ಲೆ. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಆ ಬೋಳು ಪಾರೆ, ಒಣ ಹುಲ್ಲು, ತಲೆಯ ಮೇಲೆ ದೊಡ್ಡ ಆಕಾಶ, ಎಲ್ಲ ಅದರ ಸ್ವಂತ ಬಣ್ಣದಲ್ಲಿ ಕಾಣುತ್ತದೆ. ಅಲ್ಲಿ ಕುಣಿದ ಹುಡುಗರಿಗೆ ಈಗ ಐವತ್ತು ದಾಟಿರಬೇಕು. ಸಿನಿಮಾದ ಕೊನೆಯಲ್ಲಿ ಹುಡುಗ ಪಂಜರದ ಗಿಳಿಯನ್ನು ಹೊರಗೆ ಬಿಡುತ್ತಾನೆ. ಆಮೇಲೆ ಬರೀ ಆಕಾಶ, ಹಾರುವ ಹಕ್ಕಿಗಳು. ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಈ ಸಲ ಗಡಿಯಾರ ಹಿಡಿದು ನೋಡಬೇಕು ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ. ಮರೆತೇಹೋಗುತ್ತದೆ.